ಹಳೇ ಕಾರು, ಹೊಸ ಕೈ: ಮಕ್ಕಳು ಓಡಿಸುವ ಗಾಡಿ ಸ್ಕಿಡ್ ಆಗದಂತೆ ನೋಡಿಕೊಳ್ಳುವುದು ಹೇಗೆ?

ಮುಂಗಾರು ಹತ್ತಿರ ಬಂತೆಂದರೆ ದಾವಣಗೆರೆ, ಹರಿಹರ, ಚಿತ್ರದುರ್ಗದ ಮನೆಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. “ಮಗನಿಗೆ ಹದಿನೆಂಟು ತುಂಬಿತು, ಮಗಳಿಗೆ ಎಲ್‌ಎಲ್‌ಆರ್ ಆಯಿತು, ಮನೆಯಲ್ಲಿ ಹಳೇ ಆಲ್ಟೊ ಇದೆ. ಕೊಡಬಹುದಾ? ಮಳೆಯಲ್ಲಿ ಜಾರಿದರೆ ಏನು ಮಾಡಬೇಕು ಅಂತ ಹೇಗೆ ಕಲಿಸೋದು?”

ಕೊಡಬಹುದು. ಆದರೆ ಹೆಚ್ಚಿನವರು ಎರಡನೇ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತಾರೆ. ಜಾರಿದ ಮೇಲೆ ಸ್ಟೇರಿಂಗ್ ಹೇಗೆ ತಿರುಗಿಸಬೇಕೆಂಬುದು ಕೊನೆಯ ಪಾಠ. ಅದಕ್ಕೂ ಮೊದಲು ಟೈರು, ಬ್ರೇಕು, ವೇಗ ಸರಿಯಾಗಬೇಕು. ಈ ಮೂರು ಸರಿಯಿದ್ದರೆ ಕೊನೆಯ ಪಾಠದ ಅಗತ್ಯವೇ ಬೀಳದೆ ವರ್ಷಗಳು ಕಳೆಯಬಹುದು.

ಇಲ್ಲಿ ಹಳೇ ಕಾರು ಎಂದರೆ ಮುಖ್ಯವಾಗಿ ಎಬಿಎಸ್ ಇಲ್ಲದ ಕಾರು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಉರುಳುವುದನ್ನೇ ನಿಲ್ಲಿಸಿ ಜಾರತೊಡಗುತ್ತದೆ. ಇದಕ್ಕೆ ಚಕ್ರ ಲಾಕ್ ಆಗುವುದು ಎನ್ನುತ್ತಾರೆ. ಹಾಗಾಗದಂತೆ ಬ್ರೇಕನ್ನು ತಾನೇ ಬಿಟ್ಟು ಹಿಡಿದು ಮಾಡುವ ವ್ಯವಸ್ಥೆಯೇ ಎಬಿಎಸ್. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನ ಮಾರುತಿ 800, ಆಲ್ಟೊ, ಓಮ್ನಿ, ಸ್ಯಾಂಟ್ರೊ, ಇಂಡಿಕಾಗಳಲ್ಲಿ ಬಹುಪಾಲಿಗೆ ಇದಿಲ್ಲ.

ನಿಮ್ಮ ಕಾರಿನಲ್ಲಿ ಇದೆಯೋ ಇಲ್ಲವೋ ನೋಡಲು ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಎಬಿಎಸ್ ಇದ್ದರೆ ಡ್ಯಾಶ್‌ಬೋರ್ಡಿನಲ್ಲಿ ಆ ಅಕ್ಷರಗಳಿರುವ ಹಳದಿ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರುತ್ತದೆ. ಆರದೇ ಉಳಿದರೆ ವ್ಯವಸ್ಥೆ ಕೆಟ್ಟಿದೆ, ಅದು ಎಬಿಎಸ್ ಇಲ್ಲದ ಕಾರಿನಂತೆಯೇ ನಿಲ್ಲುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಇದನ್ನು ತಪ್ಪದೆ ನೋಡಬೇಕು. ಎಬಿಎಸ್ ಇರುವ ಮಾಡೆಲ್ ಎಂದು ಹೇಳಿ ಮಾರಿದ್ದರೂ ದೀಪ ಒಮ್ಮೆಯೂ ಹತ್ತದಿದ್ದರೆ ಬಲ್ಬನ್ನೇ ತೆಗೆದಿರುವ ಸಾಧ್ಯತೆ ಇದೆ.

ಹಂತ 1: ವಯಸ್ಸು, ಕಾಗದ

ಕಾರಿಗೆ ವಯಸ್ಸು 18. ಹದಿನಾರಕ್ಕೆ ಸಿಗುವುದು 50 ಸಿಸಿ ಒಳಗಿನ, ಗೇರಿಲ್ಲದ ದ್ವಿಚಕ್ರ ವಾಹನದ ಲೈಸೆನ್ಸ್ ಮಾತ್ರ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, 18 ತುಂಬದ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. “ಊರೊಳಗೆ ತಾನೇ” ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಎಲ್‌ಎಲ್‌ಆರ್ ಅವಧಿ 6 ತಿಂಗಳು, 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಮೂವತ್ತೊಂದನೇ ದಿನಕ್ಕೇ ಓಡಬೇಡಿ. ಆ ಆರು ತಿಂಗಳಲ್ಲಿ ಒಂದು ಮಳೆಗಾಲ ಬರುವಂತೆ ನೋಡಿಕೊಳ್ಳಿ. ಲೈಸೆನ್ಸ್ ಇರುವ ದೊಡ್ಡವರು ಪಕ್ಕದಲ್ಲಿ ಕೂತಿರುವಾಗಲೇ ಮಗು ಒದ್ದೆ ರಸ್ತೆಯನ್ನು ಕಂಡರೆ ಒಳ್ಳೆಯದು.

ಕಾರಿಗೆ 15 ವರ್ಷ ದಾಟಿದ್ದರೆ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ ಆರ್‌ಸಿ ನವೀಕರಿಸಿರಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ಎಫ್‌ಸಿ ಆಗಿದೆ ಎಂದ ಮಾತ್ರಕ್ಕೆ ಟೈರು ಮಳೆಗೆ ತಯಾರಿದೆ ಎಂದು ತಿಳಿಯಬೇಡಿ.

ಹಂತ 2: ಟೈರು

ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಇಲ್ಲಿ ಮಾಡಿ. ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್, ಪೇಂಟ್ ಎಲ್ಲ ಆಮೇಲೆ. ಸಣ್ಣ ಕಾರಿನ ಒಂದೊಂದು ಟೈರೂ ನೆಲಕ್ಕೆ ತಾಗಿರುವುದು ಅಂಗೈ ಅಗಲದಷ್ಟು ಜಾಗದಲ್ಲಿ. ಇಡೀ ಕಾರು, ಒಳಗೆ ಕೂತವರು, ಎಲ್ಲರ ಭದ್ರತೆಯೂ ಆ ನಾಲ್ಕು ಅಂಗೈಗಳ ಮೇಲೆ ನಿಂತಿದೆ.

ನೋಡಬೇಕಾದ್ದು ಹೀಗೆ:

ಆಳ. ಟೈರಿನ ಪಕ್ಕದಲ್ಲಿ ‘ಟಿಡಬ್ಲ್ಯುಐ’ ಎಂಬ ಅಕ್ಷರ ಅಥವಾ ಸಣ್ಣ ತ್ರಿಕೋನ ಇರುತ್ತದೆ. ಅದರ ನೇರಕ್ಕೆ ಟೈರಿನ ಸೀಳುಗಳ ತಳದಲ್ಲಿ 1.6 ಮಿ.ಮೀ ಎತ್ತರದ ರಬ್ಬರ್ ದಿಬ್ಬವಿದೆ. ಟೈರು ಸವೆದು ಆ ದಿಬ್ಬಕ್ಕೆ ಸಮವಾದರೆ ಅದರ ಆಯುಸ್ಸು ಮುಗಿಯಿತು. ಹೊಸಬರು ಓಡಿಸುವ ಕಾರಿಗೆ ಅಲ್ಲಿಯವರೆಗೆ ಕಾಯಬೇಡಿ, 3 ಮಿ.ಮೀ ಆದಾಗಲೇ ಬದಲಿಸಿ. ಒದ್ದೆ ರಸ್ತೆಯ ನೀರನ್ನು ಆಚೆ ತಳ್ಳುವುದು ಈ ಸೀಳುಗಳೇ. ಆಳ ಅಳೆಯುವ ಸಣ್ಣ ಗೇಜು ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಕಡೆ ಅಳೆಯದೆ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಅಳೆಯಿರಿ.

ವಯಸ್ಸು. ಟೈರಿನ ಪಕ್ಕದಲ್ಲಿ ‘ಡಾಟ್’ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಹಳೇ ಕಾರಿನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಆಳ ಚೆನ್ನಾಗಿರುತ್ತದೆ, ಆದರೆ ನಮ್ಮ ಬಿಸಿಲಿಗೆ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಾಣುತ್ತದೆ. ಗಟ್ಟಿ ರಬ್ಬರ್ ಒದ್ದೆ ಡಾಂಬರನ್ನು ಹಿಡಿಯುವುದಿಲ್ಲ. ಆರು ವರ್ಷ ದಾಟಿದ್ದರೆ ಆಳ ಎಷ್ಟೇ ಇರಲಿ, ತೆಗೆಸಿ. ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿ ರೀಟ್ರೆಡ್ ಮಾಡಿಸಿದ ಟೈರು ಈ ಕಾರಿಗೆ ಬೇಡವೇ ಬೇಡ.

ಜೋಡಿ. ಎರಡೇ ಹೊಸ ಟೈರು ಕೊಳ್ಳುವ ಶಕ್ತಿ ಇದ್ದರೆ ಅವೆರಡನ್ನೂ ಹಿಂದಕ್ಕೆ ಹಾಕಿಸಿ. ಟೈರು ಅಂಗಡಿಯಲ್ಲಿ “ಮುಂದಕ್ಕೆ ಹಾಕೋಣ ಸಾರ್, ಸ್ಟೇರಿಂಗ್ ಇರೋದು ಮುಂದೆ” ಎನ್ನುತ್ತಾರೆ. ಒಪ್ಪಬೇಡಿ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಕಾಲು ತೆಗೆದರೆ ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಸರಿಪಡಿಸುವ ಕೈಚಳಕ ಹೊಸಬರಿಗೆ ಇರುವುದಿಲ್ಲ. ಒಂದೇ ಆಕ್ಸಲ್‌ನ, ಅಂದರೆ ಮುಂದಿನ ಅಥವಾ ಹಿಂದಿನ ಜೋಡಿಯ, ಎರಡು ಟೈರುಗಳು ಒಂದೇ ಕಂಪನಿ, ಒಂದೇ ಸೈಜು, ಹತ್ತಿರ ಹತ್ತಿರದ ಸವೆತದವು ಆಗಿರಲಿ.

ಗಾಳಿ. ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಿನಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ ಇರುತ್ತದೆ. ಬೆಳಿಗ್ಗೆ ಗಾಡಿ ಓಡಿಸುವ ಮುನ್ನ, ಟೈರು ತಣ್ಣಗಿರುವಾಗ ನೋಡಬೇಕು, ಹದಿನೈದು ದಿನಕ್ಕೊಮ್ಮೆ. “ಬೇಸಿಗೆಯಲ್ಲಿ ಎರಡು ಪಾಯಿಂಟ್ ಕಡಿಮೆ ಹಾಕಿ” ಎಂಬ ಸಲಹೆ ಎಲ್ಲ ಪಂಕ್ಚರ್ ಅಂಗಡಿಯಲ್ಲೂ ಕೇಳಿಬರುತ್ತದೆ. ಅದು ತಪ್ಪು. ಗಾಳಿ ಕಡಿಮೆಯಾದರೆ ಟೈರು ಹೆಚ್ಚು ಮಡಚಿಕೊಂಡು ಇನ್ನಷ್ಟು ಬಿಸಿಯಾಗುತ್ತದೆ, ಮಳೆಯಲ್ಲಿ ಬೇಗ ನೀರಿನ ಮೇಲೆ ತೇಲುತ್ತದೆ.

ಸವೆತದ ಗುರುತನ್ನೂ ಓದಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ, ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿಯಾಗಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ, ಕೆಟ್ಟಿದೆ. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿರುವ ಸಾಧ್ಯತೆ ಹೆಚ್ಚು. ಕಾರಣ ಸರಿಪಡಿಸದೆ ಟೈರು ಹಾಕಿದರೆ ಹೊಸದೂ ಹಾಗೆಯೇ ಸವೆಯುತ್ತದೆ.

ಹಂತ 3: ಬ್ರೇಕು

ಸ್ಕಿಡ್ ವಿಷಯದಲ್ಲಿ ಬ್ರೇಕ್ ಎಷ್ಟು ಗಟ್ಟಿ ಎಂಬುದಕ್ಕಿಂತ ನಾಲ್ಕೂ ಚಕ್ರಕ್ಕೆ ಸರಿಯಾಗಿ ಹಂಚಿದೆಯೇ ಎಂಬುದು ಮುಖ್ಯ. ಎಡಕ್ಕೆ ಹೆಚ್ಚು ಹಿಡಿದರೆ ಒದ್ದೆ ರಸ್ತೆಯಲ್ಲಿ ಕಾರು ಎಡಕ್ಕೆ ತಿರುಗಿ ನಿಲ್ಲುತ್ತದೆ.

ಖಾಲಿ, ನೇರ, ಒಣ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ ವೇಗದಲ್ಲಿ ಹೋಗಿ, ಹಿಂದೆ ಯಾರೂ ಇಲ್ಲವೆಂದು ನೋಡಿ, ಸ್ಟೇರಿಂಗ್ ಸಡಿಲವಾಗಿ ಹಿಡಿದು ಬ್ರೇಕ್ ಒತ್ತಿ. ಕಾರು ಒಂದು ಪಕ್ಕಕ್ಕೆ ಎಳೆದರೆ ಗ್ಯಾರೇಜಿಗೆ ಹೋಗಬೇಕು. ಹೆಚ್ಚಾಗಿ ಸಿಗುವ ಕಾರಣಗಳು: ಮುಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಒತ್ತುವ ಭಾಗ) ಜಾಮ್ ಆಗಿರುವುದು, ಹಿಂದಿನ ಡ್ರಮ್ಮಿನೊಳಗೆ ವ್ಹೀಲ್ ಸಿಲಿಂಡರ್ ಸೋರಿ ಲೈನರ್ ಎಣ್ಣೆಯಾಗಿರುವುದು, ಅಥವಾ ಒಂದು ಪಕ್ಕದ ಪ್ಯಾಡ್ ಮಾತ್ರ ಬದಲಿಸಿರುವುದು. ಪ್ಯಾಡ್, ಲೈನರ್ ಯಾವತ್ತೂ ಎರಡೂ ಪಕ್ಕಕ್ಕೆ ಜೋಡಿಯಾಗಿಯೇ ಬದಲಾಗಬೇಕು.

ಕಾಲಿನ ಒತ್ತಡಕ್ಕೆ ಎಂಜಿನ್‌ನ ಬಲ ಕೂಡಿಸುವ ಬೂಸ್ಟರಿನ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾದ ಮೇಲೆ ಹಾಗೆಯೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಒತ್ತಿ ಹಿಡಿದಂತೆಯೇ ಮೆಲ್ಲಗೆ ನೆಲದವರೆಗೂ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ, ಆ ಕಾರನ್ನು ರಸ್ತೆಗೆ ತರಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಕಾರಿನಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿಸಿ.

ಹಂತ 4: ಉಳಿದ ರಿಪೇರಿ

ಕಾರಿನ ಮೂಲೆಯನ್ನು ಕೈಯಿಂದ ಜೋರಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಲ್ಲಬೇಕು, ತೂಗಾಡುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಬದಲಿಸಿ. ವೈಪರ್ ರಬ್ಬರ್ ಮಳೆಗಾಲಕ್ಕೆ ಮುನ್ನ ಹೊಸದು ಹಾಕಿ. ಗಾಜಿನ ಒಳಗಿನ ಮಂಜು ಹೋಗಿಸಲು ಬ್ಲೋವರ್ ಕೆಲಸ ಮಾಡಲಿ. ಸೀಟು ಹತ್ತಿರ ಎಳೆದು, ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿಕೊಂಡಿರುವಂತೆ ಕೂರಿಸಿ. ಕಾಲು ಚಾಚಿ ಕೂತವರಿಗೆ ಬ್ರೇಕಿನ ಹದ ಸಿಗುವುದಿಲ್ಲ.

ಹಂತ 5: ಜಾರುವುದು ಏಕೆಂದು ಮೊದಲು ಹೇಳಿ

ಟೈರಿನ ಹಿಡಿತಕ್ಕೆ ಒಂದು ಮಿತಿಯಿದೆ. ಬ್ರೇಕು, ಸ್ಟೇರಿಂಗು, ಆಕ್ಸಿಲರೇಟರು ಮೂರೂ ಅದನ್ನೇ ಹಂಚಿಕೊಳ್ಳಬೇಕು. ಪೂರ್ತಿ ಬ್ರೇಕಿಗೇ ಕೊಟ್ಟರೆ ತಿರುಗಲು ಏನೂ ಉಳಿಯುವುದಿಲ್ಲ. ಆದ್ದರಿಂದ ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಬ್ರೇಕ್, ಗೇರ್ ಎಲ್ಲ ಮುಗಿಸಿ, ಆಮೇಲೆ ತಿರುಗಿಸಬೇಕು. ಮಗುವಿಗೆ ಬೇರೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ವೇಗದ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. 60ರಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಹೊಸಬರ ಕಾಲು ಬ್ರೇಕಿಗೆ ಬರುವ ಹೊತ್ತಿಗೆ ಒಂದೂವರೆ ಸೆಕೆಂಡ್ ಆದರೆ 25 ಮೀಟರ್ ಅಲ್ಲೇ ಹೋಯಿತು. ಆಮೇಲೆ ಒಣ ಡಾಂಬರಿನಲ್ಲಿ ನಿಲ್ಲಲು ಸುಮಾರು 20 ಮೀಟರ್ ಬೇಕು, ಒದ್ದೆಯಲ್ಲಿ ಸುಮಾರು 35. ವೇಗ 80 ಆದರೆ ಒದ್ದೆಯಲ್ಲಿ ಬ್ರೇಕ್ ಹಿಡಿದ ಮೇಲಿನ ದೂರವೇ 60 ಮೀಟರ್ ದಾಟುತ್ತದೆ.

ಹಂತ 6: ಬಯಲಿನಲ್ಲಿ ಅಭ್ಯಾಸ

ಬೇಕಾದ್ದು: ಸ್ವಂತ ಜಾಗ ಅಥವಾ ಮಾಲೀಕರ ಒಪ್ಪಿಗೆ ಇರುವ ಖಾಲಿ ಲೇಔಟ್, ಕನಿಷ್ಠ 100 ಮೀಟರ್ ಉದ್ದ, 30 ಮೀಟರ್ ಅಗಲ. ಕಂಬ, ಚರಂಡಿ, ಕಲ್ಲುಗೂಟ, ಕಟ್ಟೆಯಿಲ್ಲದ ಬಾವಿ ಇರಬಾರದು, ಮೊದಲು ನಡೆದು ನೋಡಿ. ಗರಸು ನೆಲ ಒಳ್ಳೆಯದು. ಎರೆಭೂಮಿ ಮಳೆಯ ನಂತರ ಬೇಡ, ಕಾರು ಹೂತುಕೊಳ್ಳುತ್ತದೆ. ಗುರುತಿಗೆ ಮರಳು ತುಂಬಿದ ನೀರಿನ ಬಾಟಲಿ ಸಾಕು. ಕಾರಿನಲ್ಲಿ ಇಬ್ಬರೇ, ಇಬ್ಬರಿಗೂ ಬೆಲ್ಟ್, ವೇಗ 30 ದಾಟಬಾರದು. ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಮಾಡಬೇಡಿ.

ಮೊದಲನೆಯದು, 20ರಿಂದ ಶುರುಮಾಡಿ ಬಾಟಲಿಯ ಸಾಲಿಗೆ ಸರಿಯಾಗಿ ನಿಲ್ಲಿಸುವುದು. ಪೆಡಲನ್ನು ಒದೆಯದೆ ಹಿಂಡುವಂತೆ ಒತ್ತಬೇಕು: ಮೊದಲು ಮೆಲ್ಲಗೆ, ಭಾರ ಮುಂದಕ್ಕೆ ಬಂದ ಮೇಲೆ ಗಟ್ಟಿಯಾಗಿ.

ಎರಡನೆಯದು ಎಲ್ಲಕ್ಕಿಂತ ಮುಖ್ಯ. ಒದ್ದೆ ಗರಸಿನಲ್ಲಿ 25–30ರ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿಸಿ. ಎಬಿಎಸ್ ಇಲ್ಲದ ಕಾರಿನ ಚಕ್ರ ಲಾಕ್ ಆಗುತ್ತದೆ. ಈಗ ಸ್ಟೇರಿಂಗನ್ನು ಕಾಲು ಸುತ್ತು ಮಾತ್ರ ತಿರುಗಿಸಲಿ. ಕಾರು ತಿರುಗುವುದಿಲ್ಲ, ನೇರ ಹೋಗುತ್ತದೆ. “ಕಾಲು ತೆಗಿ” ಎನ್ನಿ. ತೆಗೆದ ತಕ್ಷಣ ಕಾರು ತಿರುಗುತ್ತದೆ. ಬ್ರೇಕ್ ಬಿಟ್ಟರೆ ಕೈಗೆ ಹಿಡಿತ ಬರುತ್ತದೆ ಎಂಬುದು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಇಲ್ಲಿ ದೇಹಕ್ಕೇ ಗೊತ್ತಾಗುತ್ತದೆ. ಸ್ಟೇರಿಂಗ್ ಹೆಚ್ಚು ತಿರುಗಿಸಿಟ್ಟು ಬ್ರೇಕ್ ಬಿಟ್ಟರೆ ಕಾರು ಪಕ್ಕಕ್ಕೆ ನುಗ್ಗುತ್ತದೆ, ಅದಕ್ಕೇ ಕಾಲು ಸುತ್ತಿನ ಮಿತಿ.

ಮೂರನೆಯದು, ಚಕ್ರ ಲಾಕ್ ಆಗುವುದಕ್ಕೆ ಸ್ವಲ್ಪ ಮುಂಚಿನ ಹದ ಹುಡುಕುವುದು. ಲಾಕ್ ಆದರೆ ಸ್ವಲ್ಪ ಬಿಟ್ಟು ಮತ್ತೆ ಒತ್ತುವುದು. ನಾಲ್ಕೈದು ಸಲಕ್ಕೊಮ್ಮೆ ಬ್ರೇಕ್ ಆರಲು ಬಿಡಿ.

ಎಬಿಎಸ್ ಇರುವ ಕಾರಿಗೆ ಪಾಠ ಬೇರೆ: ಪೂರ್ತಿ ಒತ್ತಿ ಹಿಡಿ, ಪೆಡಲ್ ದಡದಡ ಎಂದರೂ ಬಿಡಬೇಡ, ಸ್ಟೇರಿಂಗ್ ತಿರುಗಿಸು. ಮನೆಯಲ್ಲಿ ಎರಡು ಕಾರಿದ್ದು ಒಂದಕ್ಕೆ ಎಬಿಎಸ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಮೊದಲ ವರ್ಷ ಮಗು ಒಂದೇ ಕಾರನ್ನು ಓಡಿಸಲಿ.

ಹ್ಯಾಂಡ್ ಬ್ರೇಕ್ ಎಳೆದು ತಿರುಗಿಸುವ ಆಟ ಬೇಡ. ಅದು ಹಿಂದಿನ ಚಕ್ರವನ್ನು ಲಾಕ್ ಮಾಡುತ್ತದೆ. ಅಭ್ಯಾಸವಾದ ಕೈ ಗಾಬರಿಯಲ್ಲಿ ಅಲ್ಲಿಗೇ ಹೋಗುತ್ತದೆ.

ಹಂತ 7: ನಮ್ಮ ರಸ್ತೆಗಳ ಅಪಾಯ

ಒಕ್ಕಣೆ. ಸುಗ್ಗಿಯಲ್ಲಿ ಜಗಳೂರು, ಭರಮಸಾಗರ, ಮಾಯಕೊಂಡದ ಕಡೆಯ ಹಳ್ಳಿ ರಸ್ತೆಗಳಲ್ಲಿ ಮೆಕ್ಕೆಜೋಳ ಒಣಗಿಸುತ್ತಾರೆ, ರಾಗಿ, ಹುರುಳಿ ಹರವುತ್ತಾರೆ. ಕಾಳಿನ ಮೇಲೆ ಟೈರು ಉರುಳುಗುಂಡಿನ ಮೇಲೆ ನಿಂತಂತೆಯೇ. ಕಾಳು ಕಂಡ ತಕ್ಷಣ, ಅದರ ಮೇಲೆ ಹೋಗುವ ಮುಂಚೆಯೇ ವೇಗ 20ಕ್ಕೆ ಇಳಿಯಬೇಕು. ಮೇಲೆ ಹೋದ ನಂತರ ಬ್ರೇಕೂ ಇಲ್ಲ, ತಿರುವೂ ಇಲ್ಲ. ಹುರುಳಿ ಬಳ್ಳಿ ಚಕ್ರಕ್ಕೆ, ಆಕ್ಸಲ್‌ಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯ ಅಪಾಯವೂ ಇದೆ, ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ. ರಾತ್ರಿ ರಾಶಿಯ ಅಂಚಿಗೆ ಇಟ್ಟ ಕಲ್ಲುಗಳು ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಮೊದಲ ಮಳೆ. ಏಪ್ರಿಲ್–ಮೇ ತಿಂಗಳ ಮಳೆಯ ಮೊದಲ ಅರ್ಧ ಗಂಟೆ ಅತಿ ಕೆಟ್ಟದ್ದು. ತಿಂಗಳುಗಟ್ಟಲೆ ಬಿದ್ದ ಎಣ್ಣೆ, ಧೂಳು, ಟೈರಿನ ಪುಡಿ ನೀರಿನೊಂದಿಗೆ ಕಲಸಿ ಜಾರುತ್ತದೆ. ಆ ಅರ್ಧ ಗಂಟೆ ಎಲ್ಲಾದರೂ ನಿಲ್ಲಿಸಿ ಕಾಯಲಿ.

ನಾಲೆ ಸೀಮೆಯ ಕೆಸರು. ಹರಿಹರ, ಮಲೇಬೆನ್ನೂರು ಕಡೆ ಭತ್ತದ ನಾಟಿ ಕಾಲದಲ್ಲಿ ಗದ್ದೆಯಿಂದ ಏಳುವ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಕೆಸರು ಬಿಟ್ಟುಹೋಗುತ್ತದೆ. ನಿಮ್ಮ ಕಾರೇ ಹೊಲದ ದಾರಿಯಿಂದ ಬಂದಿದ್ದರೂ ಟೈರಿನ ಸೀಳುಗಳಲ್ಲಿ ಎರೆಮಣ್ಣು ತುಂಬಿ ಟೈರು ನುಣ್ಣಗಾಗಿರುತ್ತದೆ. ಮಣ್ಣು ಕೆರೆದು, ಮೊದಲ ಅರ್ಧ ಕಿಲೋಮೀಟರ್ ನಿಧಾನ.

ಡಾಂಬರಿನ ಅಂಚು. ಎದುರಿಗೆ ಬಸ್ಸು ಬಂದಾಗ ಎಡಗಡೆ ಚಕ್ರಗಳು ಕೆಳಗಿಳಿಯುತ್ತವೆ, ಗಾಬರಿಯಲ್ಲಿ ಸ್ಟೇರಿಂಗ್ ಬಲಕ್ಕೆ ಎಳೆಯುತ್ತಾರೆ. ಟೈರು ಅಂಚಿಗೆ ಉಜ್ಜುತ್ತಾ ಮೇಲೆ ಹತ್ತುವುದಿಲ್ಲ, ಇನ್ನೂ ತಿರುಗಿಸುತ್ತಾರೆ, ಹತ್ತಿದ ಕ್ಷಣ ಕಾರು ಎದುರಿನ ಬಸ್ಸಿನ ಕಡೆಗೇ ಹಾರುತ್ತದೆ. ಸರಿಯಾದ ಕ್ರಮ: ಇಳಿದರೆ ಇಳಿಯಲಿ. ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮಣ್ಣಿನ ಮೇಲೇ 20ಕ್ಕೆ ಇಳಿಸಿ, ಹಿಂದೆ ಮುಂದೆ ನೋಡಿ, ಅಂಚು ತಗ್ಗಿರುವ ಕಡೆ ಮೇಲೆ ಹತ್ತುವುದು. ಇದನ್ನು ಖಾಲಿ ಹಳ್ಳಿ ರಸ್ತೆಯಲ್ಲಿ ನಿಧಾನವಾಗಿ ಬೇಕೆಂದೇ ನಾಲ್ಕು ಸಲ ಮಾಡಿಸಿ.

ಹೆದ್ದಾರಿ 48ರಲ್ಲಿ ಮಳೆಗೆ ಮೀಡಿಯನ್ ಪಕ್ಕ ನೀರು ನಿಂತಿರುತ್ತದೆ. ಸವೆದ ಅಥವಾ ಗಾಳಿ ಕಡಿಮೆಯಿರುವ ಟೈರು 70ರ ಆಸುಪಾಸಿನಲ್ಲೇ ನೀರಿನ ಮೇಲೆ ತೇಲತೊಡಗಬಹುದು. ಮಳೆಯಲ್ಲಿ 60 ಸಾಕು. ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ವಾಪಸ್ ಬರಬೇಕು, ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. ನಿಂತ ನೀರು ದಾಟಿ ಬಂದ ಮೇಲೆ ಬ್ರೇಕನ್ನು ಮೆಲ್ಲಗೆ ಎರಡು ಮೂರು ಸಲ ತಾಗಿಸಿ ಒಣಗಿಸಿಕೊಳ್ಳಿ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಅದಕ್ಕಿಂತ ಕೆಟ್ಟದಾಗಿ ಎಂಜಿನ್ ಆಫ್ ಮಾಡುವುದು, ನಮ್ಮಲ್ಲಿ ದೊಡ್ಡವರಿಂದಲೇ ಮಕ್ಕಳು ಕಲಿಯುವ ಚಾಳಿ. ಎಂಜಿನ್ ನಿಂತರೆ ಬ್ರೇಕಿನ ಬೂಸ್ಟರ್ ಶಕ್ತಿ ಒಂದೆರಡು ಒತ್ತಿಗೆ ಮುಗಿಯುತ್ತದೆ.

ಹಂತ 8: ಜಾರಿಯೇಬಿಟ್ಟರೆ

ಮೊದಲ ಕೆಲಸ ಯಾವ ಸ್ಕಿಡ್‌ಗೂ ಒಂದೇ: ಜಾರಿಸಿದ ಕಾಲನ್ನು ತೆಗೆಯುವುದು. ಬ್ರೇಕಿನಿಂದ ಜಾರಿದ್ದರೆ ಬ್ರೇಕ್ ಸಡಿಲಿಸಿ, ಆಕ್ಸಿಲರೇಟರಿನಿಂದಾದರೆ ಅದನ್ನು ಬಿಡಿ. ಗೇರ್ ಇಳಿಸಿದ್ದರಿಂದಾದರೆ ಕ್ಲಚ್ ಒತ್ತಿ. ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ. ಮರವನ್ನೇ ನೋಡಿದರೆ ಕೈ ಮರದ ಕಡೆಗೇ ತಿರುಗುತ್ತದೆ.

ಮುಂದಿನ ಚಕ್ರ ಜಾರಿದ್ದರೆ, ಅಂದರೆ ತಿರುಗಿಸಿದರೂ ಕಾರು ನೇರ ಹೋಗುತ್ತಿದ್ದರೆ, ಇನ್ನಷ್ಟು ತಿರುಗಿಸಬೇಡಿ. ಸ್ಟೇರಿಂಗ್ ಸ್ವಲ್ಪ ಸಡಿಲಿಸಿ, ಹಿಡಿತ ಬಂದ ಮೇಲೆ ಮತ್ತೆ ತಿರುಗಿಸಿ.

ಹಿಂಬದಿ ಜಾರಿದ್ದರೆ ಅದು ಹೋದ ದಿಕ್ಕಿಗೇ ಸ್ಟೇರಿಂಗ್: ಹಿಂಬದಿ ಬಲಕ್ಕೆ ಹೋದರೆ ಬಲಕ್ಕೆ. ಕಾರು ಮರಳಿ ಬರತೊಡಗಿದ ತಕ್ಷಣ ನೇರ ಮಾಡಬೇಕು. ತಡಮಾಡಿದರೆ ಇನ್ನೊಂದು ಪಕ್ಕಕ್ಕೆ ಮೊದಲಿಗಿಂತ ಜೋರಾಗಿ ತೂಗುತ್ತದೆ, ಹೊಸಬರು ಕಳೆದುಕೊಳ್ಳುವುದು ಹೆಚ್ಚಾಗಿ ಈ ಎರಡನೇ ತೂಗಿಗೆ. ಓಮ್ನಿ, ಬೊಲೆರೊದಂತಹ ಹಿಂದಿನ ಚಕ್ರ ಎಳೆಯುವ ಗಾಡಿಗಳು ಖಾಲಿಯಿದ್ದಾಗ, ಒದ್ದೆ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಹೀಗೆ ಮಾಡುತ್ತವೆ.

ನೀರಿನ ಮೇಲೆ ತೇಲಿದರೆ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಬ್ರೇಕ್ ಬೇಡ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ನೇರ ಹಿಡಿದು, ಟೈರು ನೆಲ ಮುಟ್ಟುವವರೆಗೆ ಕಾಯಬೇಕು.

ಹಂತ 9: ಮೊದಲ ಆರು ತಿಂಗಳ ಕಟ್ಟುಪಾಡು

ಬರೆದು ಇಬ್ಬರೂ ಒಪ್ಪಿಕೊಳ್ಳಿ. ಲೈಸೆನ್ಸ್ ಬಂದ ಮೊದಲ ಮೂರು ತಿಂಗಳು ಒಬ್ಬರೇ ರಾತ್ರಿ ಓಡಿಸುವುದಿಲ್ಲ, ಮಳೆಯಲ್ಲಿ ಹೆದ್ದಾರಿಗೆ ಹೋಗುವುದಿಲ್ಲ, ಗೆಳೆಯರನ್ನು ತುಂಬಿಕೊಳ್ಳುವುದಿಲ್ಲ. ಆಮೇಲಿನ ಮೂರು ತಿಂಗಳು ಒಬ್ಬ ಗೆಳೆಯ ಅಥವಾ ಗೆಳತಿ. ಫೋನ್ ಹಿಂದಿನ ಸೀಟಿನಲ್ಲಿ. ಓಡಿಸುವಾಗ ನೀವೂ ಫೋನ್ ಮಾಡಬೇಡಿ. “ಬೇಗ ಬಾ” ಎನ್ನುವುದನ್ನು ಮನೆಯವರು ಬಿಡಬೇಕು. ಮಳೆ ಬಂದರೆ ನಿಂತು ತಡವಾಗಿ ಬರಲು ಮಗುವಿಗೆ ಪೂರ್ತಿ ಸ್ವಾತಂತ್ರ್ಯವಿರಲಿ.

ಜಾರಿ ಪಾರಾದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಹಜಾರ್ಡ್ ಲೈಟ್ ಹಾಕಿ, ರಸ್ತೆಯಿಂದ ದೂರ ನಿಂತು ಮನೆಗೆ ಫೋನ್ ಮಾಡಲಿ. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಸಿಗುತ್ತದೆ. ಬೈಯಬೇಡಿ. ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ, ಪೆಟ್ಟಾದ ಟೈರಿನಲ್ಲೇ ಓಡಿಸುತ್ತಿರುತ್ತದೆ. ಮಾರನೆಯ ದಿನ ಟೈರಿನ ಪಕ್ಕಗಳಲ್ಲಿ ಉಬ್ಬು, ಸೀಳು ನೋಡಿ. ಚಕ್ರ ಕಲ್ಲಿಗೆ ಅಥವಾ ಡಾಂಬರಿನ ಅಂಚಿಗೆ ಬಡಿದಿದ್ದರೆ ರಿಮ್ ಮತ್ತು ಅಲೈನ್‌ಮೆಂಟ್ ಪರೀಕ್ಷಿಸಿದ ಮೇಲಷ್ಟೇ ಕೀ ಮತ್ತೆ ಕೈಗೆ ಕೊಡಿ.